ಹೊಸ ಕಾಯಿನ್ ಅಸಲಿಯೋ ಮೋಸವೋ: ಪುಕ್ಕಟೆ ತಪಾಸಣಾ ತಾಣಗಳನ್ನು ಎರಡು ವರ್ಷ ಬಳಸಿದ ಮೇಲೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ತೆರಿಗೆ ಸಲಹೆಯ ಸಣ್ಣ ಕಚೇರಿ ನಡೆಸುವ ನಾನು, ಬಿಡುವಿದ್ದಾಗ ಅಡಿಕೆ ಬೆಳೆಗಾರರ ಮನೆ ಲೆಕ್ಕ, ಬೆಳೆ ಸಾಲ, ರಿಟರ್ನ್ಸ್ ಸಲ್ಲಿಕೆ ಮುಂತಾದ ವಿಷಯಗಳ ಮೇಲೆ ಕನ್ನಡದಲ್ಲಿ ವಿಡಿಯೊ ಮಾಡಿ ಹಾಕುತ್ತೇನೆ. ನೋಡುವವರು ಹನ್ನೊಂದು ಸಾವಿರದ ಆಸುಪಾಸು. ದೊಡ್ಡ ಸಂಖ್ಯೆಯೇನಲ್ಲ, ಆದರೆ ಅವರಲ್ಲಿ ಬಹುಪಾಲು ಜನ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯವರು, ಮದುವೆ ಮನೆಯಲ್ಲೋ ಸೊಸೈಟಿಯ ಸರತಿಯಲ್ಲೋ ನನಗೆ ಎದುರಾಗುವವರು, ನಾನು ಆರು ತಿಂಗಳ ಹಿಂದೆ ಹೇಳಿದ್ದನ್ನೂ ನೆನಪಿಟ್ಟುಕೊಂಡು ಕೇಳುವವರು. ಕಳೆದ ಎರಡು ವರ್ಷಗಳಲ್ಲಿ ಹೊಸ ಕ್ರಿಪ್ಟೊ ಕಾಯಿನ್‌ಗಳ ಪರವಾಗಿ ಒಂದು ವಿಡಿಯೊ ಮಾಡಿಕೊಡಿ ಎಂದು ನನಗೆ ಹದಿನಾಲ್ಕು ಪ್ರಸ್ತಾವಗಳು ಬಂದಿವೆ. ಪ್ರತಿಯೊಂದನ್ನೂ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುವ ತಪಾಸಣಾ ತಾಣಗಳಲ್ಲಿ ಹಾಕಿ ನೋಡಿದ್ದೇನೆ. ಆ ತಾಣಗಳು ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಹೇಳಲು ಈ ಬರಹ.

ತಪಾಸಣೆಗೆ ಕೂರುವ ಮೊದಲು ಪ್ರಶ್ನೆ ಯಾವುದೆಂದು ಸ್ಪಷ್ಟವಾಗಿರಬೇಕು. ಕಾಯಿನ್‌ನ ಬೆಲೆ ಏರುತ್ತದೆಯೇ ಎಂಬುದು ನನ್ನ ಪ್ರಶ್ನೆಯಲ್ಲ. ನನ್ನ ಮಾತು ಕೇಳಿ ಹತ್ತು ಸಾವಿರ ರೂಪಾಯಿ ಹಾಕಿದ ಒಬ್ಬರು, ಮಗಳ ಕಾಲೇಜು ಶುಲ್ಕಕ್ಕೆ ದುಡ್ಡು ಬೇಕಾದ ದಿನ ಅದನ್ನು ಮಾರಿ ಹೊರಬರಲು ಸಾಧ್ಯವೇ, ಸಾಧ್ಯವಿಲ್ಲದಂತೆ ಮಾಡುವ ಅಧಿಕಾರ ಯಾರ ಕೈಯಲ್ಲಾದರೂ ಇದೆಯೇ ಎಂಬುದಷ್ಟೇ ನನಗೆ ತಿಳಿಯಬೇಕು. ತಾನು ಹಣ ಹಾಕುವವನಿಗೆ ಅಪಾಯವನ್ನು ಒಪ್ಪಿಕೊಳ್ಳುವ ಸ್ವಾತಂತ್ರ್ಯವಿದೆ. ಇನ್ನೊಬ್ಬರಿಗೆ ಹೇಳುವವರಿಗೆ ಆ ಸ್ವಾತಂತ್ರ್ಯವಿಲ್ಲ. ಆದ್ದರಿಂದಲೇ ಈ ತಾಣಗಳನ್ನು ನಾನು ಹೂಡಿಕೆದಾರರಿಗಿಂತ ಬಿಗಿಯಾದ ಅಳತೆಯಲ್ಲಿ ಅಳೆದಿದ್ದೇನೆ.

ಹದಿನಾಲ್ಕರಲ್ಲಿ ಒಂದನ್ನು ವಿವರವಾಗಿ ಹೇಳಿದರೆ ಉಳಿದವು ಅರ್ಥವಾಗುತ್ತವೆ. ಕಳೆದ ಆಷಾಢದ ಒಂದು ಮಳೆಯ ಸಂಜೆ ತೀರ್ಥಹಳ್ಳಿಯಲ್ಲಿರುವ ನನ್ನ ತಮ್ಮ, ಚಿಕ್ಕಪ್ಪನ ಮಗ, ಕಚೇರಿಗೆ ಬಂದ. ನಗರದ ಹೋಟೆಲೊಂದರ ಸಭಾಂಗಣದಲ್ಲಿ ನಡೆದ ಸಭೆಗೆ ಹೋಗಿ ಬಂದಿದ್ದ. ಕೈಯಲ್ಲಿ ಬಣ್ಣದ ಕೈಪಿಡಿ ಇತ್ತು. ‘ಅಕ್ಕ, ನೀನೊಂದು ವಿಡಿಯೊ ಮಾಡಿದ್ರೆ ಸಾಕು, ನಮ್ಮ ಕಡೆಯೋರೆಲ್ಲ ನಂಬ್ತಾರೆ. ಕಂಪನಿಯೋರು ನಿಂಗೆ ಎರಡು ಲಕ್ಷ ಕಾಯಿನ್ ಕೊಡ್ತಾರಂತೆ’ ಎಂದ. ದುಡ್ಡಿನಲ್ಲೇ ಕೊಡುತ್ತಾರೆಯೇ ಕೇಳು ಎಂದೆ. ಅಲ್ಲೇ ಫೋನ್ ಮಾಡಿ ಕೇಳಿ, ‘ಇಲ್ವಂತೆ ಅಕ್ಕ, ಕಾಯಿನ್ನಲ್ಲೇ ಅಂತೆ’ ಎಂದ. ತಮ್ಮ ಕಾಯಿನ್ ಒಂದಕ್ಕೆ ಹತ್ತು ಸೆಂಟ್ ಬೆಲೆಯಿದೆ ಎಂದು ಅಚ್ಚು ಹಾಕಿಸಿದವರು ಅದನ್ನು ತಾವೇ ಮಾರಿ ನನಗೆ ರೂಪಾಯಿ ಕೊಡಲು ಏಕೆ ಹಿಂಜರಿಯುತ್ತಾರೆ ಎಂಬ ಅನುಮಾನ ಆಗಲೇ ಹುಟ್ಟಿತು. ಆ ಅನುಮಾನಕ್ಕೆ ಉತ್ತರ ಸಿಕ್ಕಿದ್ದು ಮರುದಿನ.

ಕೈಪಿಡಿಯಲ್ಲಿ ದಿನಕ್ಕೆ ಶೇಕಡ 1ರಷ್ಟು ಲಾಭ ಖಚಿತ ಎಂದಿತ್ತು. ಇದನ್ನು ಅಳೆಯಲು ಯಾವ ತಾಣವೂ ಬೇಡ, ಕ್ಯಾಲ್ಕುಲೇಟರ್ ಸಾಕು. ದಿನಕ್ಕೆ ಶೇಕಡ 1ನ್ನು ಚಕ್ರಬಡ್ಡಿಯಂತೆ ವರ್ಷವಿಡೀ ಕೂಡಿಸಿದರೆ ಒಂದು ಲಕ್ಷ ರೂಪಾಯಿ ಮೂವತ್ತೇಳು ಲಕ್ಷವನ್ನು ದಾಟುತ್ತದೆ. ಯಾವ ತೋಟವೂ, ಯಾವ ಅಂಗಡಿಯೂ, ಯಾವ ಬ್ಯಾಂಕೂ ಹೀಗೆ ಬೆಳೆಯುವುದಿಲ್ಲ. ಹಿಂದೆ ಬಂದವರ ಲಾಭವನ್ನು ಮುಂದೆ ಬರುವವರ ಅಸಲಿನಿಂದ ಕೊಟ್ಟರೆ ಮಾತ್ರ ಕೆಲವು ಕಾಲ ಹೀಗೆ ತೋರಿಸಬಹುದು. 2018ರ ಜನವರಿಯಲ್ಲಿ ಬಾಗಿಲು ಹಾಕಿದ ಬಿಟ್‌ಕನೆಕ್ಟ್ ತೋರಿಸಿದ್ದೂ ಇಂಥದೇ ದಿನದ ಲಾಭವನ್ನು. ನಮ್ಮ ದೇಶದ ಗೇನ್‌ಬಿಟ್‌ಕಾಯಿನ್ ಹದಿನೆಂಟು ತಿಂಗಳ ಕಾಲ ತಿಂಗಳಿಗೆ ಶೇಕಡ 10 ಕೊಡುವುದಾಗಿ ಹೇಳಿ ಜನರಿಂದ ಬಿಟ್‌ಕಾಯಿನ್ ಸಂಗ್ರಹಿಸಿತ್ತು. ನಿಶ್ಚಿತ ಲಾಭದ ಮಾತು ಬಂದಲ್ಲಿಗೆ ನನ್ನ ತಪಾಸಣೆ ಮುಗಿಯಬೇಕಿತ್ತು. ಆದರೆ ತಮ್ಮ ಆಗಲೇ ಒಂದೂವರೆ ಲಕ್ಷ ಹಾಕಿದ್ದ. ಅವನಿಗೆ ‘ಇದು ಮೋಸ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ನಂಬುತ್ತಿರಲಿಲ್ಲ, ಕಣ್ಣಿಗೆ ಕಾಣುವಂತೆ ತೋರಿಸಬೇಕಿತ್ತು.

ಮೊದಲು ಕೇಳಬೇಕಾದದ್ದು ಕಾಂಟ್ರ್ಯಾಕ್ಟ್ ವಿಳಾಸವನ್ನು. ಕಾಯಿನ್‌ನ ನಿಯಮಗಳನ್ನು ಬರೆದಿಟ್ಟ ಕೋಡ್‌ಗೆ ಕಾಂಟ್ರ್ಯಾಕ್ಟ್ ಎನ್ನುತ್ತಾರೆ; ಅದು ಇರುವುದು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಎಲ್ಲರೂ ನೋಡಬಹುದಾದ ಗಣಕ ಲೆಕ್ಕಪುಸ್ತಕದಲ್ಲಿ. ಇಥೀರಿಯಂ, ಬಿಎನ್‌ಬಿ ಚೈನ್‌ನಂಥ ಬ್ಲಾಕ್‌ಚೈನ್‌ಗಳಲ್ಲಿ ಸೊನ್ನೆ ಮತ್ತು ಎಕ್ಸ್ ಅಕ್ಷರದಿಂದ ಆರಂಭವಾಗುವ ನಲವತ್ತೆರಡು ಅಕ್ಷರಗಳ ಈ ವಿಳಾಸವೇ ಕಾಯಿನ್‌ನ ಸರ್ವೆ ನಂಬರ್ ಇದ್ದಂತೆ. ಹೆಸರನ್ನು ಯಾರು ಬೇಕಾದರೂ ನಕಲು ಮಾಡಬಹುದು, ವಿಳಾಸವನ್ನಲ್ಲ. ನನ್ನ ಹದಿನಾಲ್ಕರಲ್ಲಿ ಐವರು ವಿಳಾಸವನ್ನೇ ಕೊಡಲಿಲ್ಲ. ‘ನಮ್ಮದು ಸ್ವಂತ ಬ್ಲಾಕ್‌ಚೈನ್, ಸದ್ಯದಲ್ಲೇ ತೆರೆಯುತ್ತದೆ, ಈಗ ಆ್ಯಪ್‌ನಲ್ಲಿ ಬ್ಯಾಲೆನ್ಸ್ ಕಾಣುತ್ತದೆ’ ಎಂದರು. 2014ರಲ್ಲಿ ಆರಂಭವಾದ ಒನ್‌ಕಾಯಿನ್ ಕೂಡ ಹೀಗೆಯೇ ತನ್ನದೇ ಪುಟದಲ್ಲಿ ಅಂಕಿ ತೋರಿಸುತ್ತಿತ್ತು. ಆ ಅಂಕಿಯ ಹಿಂದೆ ನಿಜವಾದ ಬ್ಲಾಕ್‌ಚೈನ್ ಇರಲೇ ಇಲ್ಲ. ಅಮೆರಿಕದ ತನಿಖಾಧಿಕಾರಿಗಳ ಪ್ರಕಾರ ಜನ ಕಳೆದುಕೊಂಡದ್ದು 400 ಕೋಟಿ ಡಾಲರ್‌ಗೂ ಹೆಚ್ಚು. ಅದನ್ನು ಕಟ್ಟಿದ ರುಜಾ ಇಗ್ನಾಟೋವಾ 2017ರ ಅಕ್ಟೋಬರ್‌ನಿಂದ ನಾಪತ್ತೆಯಾಗಿದ್ದಾರೆ. ವಿಳಾಸ ಕೊಡದವರೊಡನೆ ನಾನು ಮಾತು ಮುಂದುವರಿಸುವುದಿಲ್ಲ.

ತಮ್ಮ ತಂದ ಕಾಯಿನ್‌ಗೆ ವಿಳಾಸವಿತ್ತು, ಬಿಎನ್‌ಬಿ ಚೈನ್‌ನಲ್ಲಿ. ಆ ಚೈನ್‌ನ ಲೆಕ್ಕಪುಸ್ತಕವನ್ನು ಎಲ್ಲರಿಗೂ ತೆರೆದು ತೋರಿಸುವ ತಾಣ ಬಿಎಸ್‌ಸಿಸ್ಕ್ಯಾನ್. ಇಥೀರಿಯಂನ ಕಾಯಿನ್‌ಗಳಿಗೆ ಅದೇ ಸಂಸ್ಥೆಯ ಈಥರ್‌ಸ್ಕ್ಯಾನ್ ಇದೆ. ಎರಡರ ವಿನ್ಯಾಸವೂ ಒಂದೇ, ಒಂದನ್ನು ಕಲಿತರೆ ಇನ್ನೊಂದು ಬರುತ್ತದೆ. ನಾನು ಬಳಸಿದ ತಾಣಗಳಲ್ಲೆಲ್ಲ ನನ್ನ ಮೆಚ್ಚುಗೆ ಹೆಚ್ಚಾಗಿ ಸಲ್ಲುವುದು ಇವಕ್ಕೇ, ಏಕೆಂದರೆ ಇವು ಅಂಕ ಕೊಡುವುದಿಲ್ಲ, ತೀರ್ಪು ಕೊಡುವುದಿಲ್ಲ, ಇರುವುದನ್ನು ಇದ್ದ ಹಾಗೆ ಮುಂದಿಡುತ್ತವೆ. ಕೊರತೆಯೆಂದರೆ ಎಲ್ಲವೂ ಇಂಗ್ಲಿಷ್‌ನಲ್ಲಿದೆ, ಮೊಬೈಲ್‌ನ ಸಣ್ಣ ಪರದೆಯಲ್ಲಿ ಕಾಲಂಗಳು ಕತ್ತರಿಸಿಹೋಗುತ್ತವೆ, ಮೊದಲ ಸಲ ನೋಡುವವರಿಗೆ ದಿಕ್ಕು ತೋಚುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ತೆರೆದು ಒಂದು ಗಂಟೆ ತಾಳ್ಮೆಯಿಂದ ಕೂತರೆ ಸಾಕು.

ಅಲ್ಲಿ ಕಾಯಿನ್ ಯಾರ ಬಳಿ ಎಷ್ಟಿದೆ ಎಂದು ತೋರಿಸುವ ‘ಹೋಲ್ಡರ್ಸ್’ ಎಂಬ ಭಾಗ ತೆರೆದೆವು. ಒಟ್ಟು ಹತ್ತು ಕೋಟಿ ಕಾಯಿನ್‌ಗಳಲ್ಲಿ ಶೇಕಡ 61ರಷ್ಟು ಒಂದೇ ವಾಲೆಟ್‌ನಲ್ಲಿ, ಅಂದರೆ ಕಾಯಿನ್ ಇಡುವ ಒಂದೇ ಖಾತೆಯಲ್ಲಿತ್ತು. ಅದರ ಕೆಳಗೆ ಶೇಕಡ 3ರಂತೆ ಒಂಬತ್ತು ವಾಲೆಟ್‌ಗಳು. ಒಂದೊಂದನ್ನೂ ಒತ್ತಿ ನೋಡಿದಾಗ ಒಂಬತ್ತಕ್ಕೂ ಕಾಯಿನ್ ಬಂದದ್ದು ಆ ಮೊದಲ ವಾಲೆಟ್‌ನಿಂದಲೇ, ಒಂದೇ ದಿನ, ಕೆಲವೇ ನಿಮಿಷಗಳ ಅಂತರದಲ್ಲಿ ಎಂದು ತಿಳಿಯಿತು. ಅಂದರೆ ನೂರಕ್ಕೆ ಎಂಬತ್ತೆಂಟು ಪಾಲು ಒಂದೇ ಮನೆಯ ಹತ್ತು ಪೆಟ್ಟಿಗೆಗಳಲ್ಲಿತ್ತು. ಕೈಪಿಡಿಯಲ್ಲಿ ‘ಐದು ಸಾವಿರ ಸದಸ್ಯರ ಕುಟುಂಬ’ ಎಂದಿತ್ತು. ಆ ಸಂಖ್ಯೆಯೂ ಪುಟದಲ್ಲಿತ್ತು, ಸುಳ್ಳಲ್ಲ. ಆದರೆ ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ವಾಲೆಟ್‌ಗಳಲ್ಲಿ ತಲಾ ಸರಿಯಾಗಿ ನೂರು ಕಾಯಿನ್ ಇತ್ತು, ಎಲ್ಲವೂ ಒಂದೇ ಗಂಟೆಯಲ್ಲಿ ಹಂಚಿದ್ದು. ಕೇಳದವರ ವಾಲೆಟ್‌ಗೂ ಕಾಯಿನ್ ಎಸೆದು ಸದಸ್ಯರ ಸಂಖ್ಯೆ ಹೆಚ್ಚಿಸುವುದು ಈ ದಂಧೆಯಲ್ಲಿ ಹಳೆಯ ವಿದ್ಯೆ.

ಮುಂದೆ ನೋಡಿದ್ದು ಲಿಕ್ವಿಡಿಟಿ ಪೂಲ್. ಇದನ್ನು ಸ್ವಲ್ಪ ನಿಧಾನವಾಗಿ ವಿವರಿಸಬೇಕು, ಏಕೆಂದರೆ ನನಗೆ ಪ್ರಸ್ತಾವ ತಂದವರಲ್ಲಿ ಅನೇಕರಿಗೆ ಸ್ವತಃ ಇದು ಗೊತ್ತಿರಲಿಲ್ಲ. ಹೊಸ ಕಾಯಿನ್‌ಗೆ ದೊಡ್ಡ ಎಕ್ಸ್‌ಚೇಂಜ್‌ನಲ್ಲಿ ಜಾಗ ಸಿಗುವುದಿಲ್ಲ. ಅದನ್ನು ಕೊಳ್ಳುವುದೂ ಮಾರುವುದೂ ಪ್ಯಾನ್‌ಕೇಕ್‌ಸ್ವಾಪ್‌ನಂಥ ತಾಣದಲ್ಲಿ ಒಂದು ಪೂಲ್‌ನ, ಅಂದರೆ ಕೂಡಿಟ್ಟ ನಿಧಿಯ ಮೂಲಕ. ಪೂಲ್‌ನಲ್ಲಿ ಒಂದು ಕಡೆ ಕಾಯಿನ್, ಇನ್ನೊಂದು ಕಡೆ ಡಾಲರ್‌ಗೆ ಸಮನಾದ ಯುಎಸ್‌ಡಿಟಿ ಇರುತ್ತದೆ. ಸಾಮಾನ್ಯ ಪೂಲ್‌ನ ನಿಯಮವೇನೆಂದರೆ ಎರಡೂ ಕಡೆಯ ಸಂಖ್ಯೆಗಳ ಗುಣಲಬ್ಧ ಬದಲಾಗಕೂಡದು. ಈ ಕಾಯಿನ್‌ನ ಪೂಲ್‌ನಲ್ಲಿ ನಾಲ್ಕು ಲಕ್ಷ ಕಾಯಿನ್ ಮತ್ತು ನಲವತ್ತು ಸಾವಿರ ಯುಎಸ್‌ಡಿಟಿ ಇತ್ತು. ಭಾಗಿಸಿದರೆ ಬೆಲೆ ಹತ್ತು ಸೆಂಟ್. ಆ ಹತ್ತು ಸೆಂಟನ್ನು ಹತ್ತು ಕೋಟಿಯಿಂದ ಗುಣಿಸಿ ‘ಒಂದು ಕೋಟಿ ಡಾಲರ್ ಮೌಲ್ಯದ ಯೋಜನೆ’ ಎಂದು ಬರೆದಿದ್ದರು. ಎಪಿಎಂಸಿಯಲ್ಲಿ ಒಂದು ದಿನ ಯಾರದೋ ನಾಲ್ಕು ಚೀಲ ರಾಶಿ ಅಡಿಕೆಗೆ ಬಿದ್ದ ಗರಿಷ್ಠ ದರವನ್ನು ಹಿಡಿದು ಇಡೀ ಜಿಲ್ಲೆಯ ಅಡಿಕೆಗೆ ಅದೇ ಬೆಲೆ ಕಟ್ಟುವ ಬೆಳೆಗಾರ ನಮ್ಮಲ್ಲಿ ಯಾರೂ ಇಲ್ಲ. ಮಾರಲು ಹೋದಾಗ ಕೊಳ್ಳುವವನ ಕೈಯಲ್ಲಿ ಎಷ್ಟು ದುಡ್ಡಿದೆ ಎಂಬುದೇ ನಿಜವಾದ ಲೆಕ್ಕ. ಇಲ್ಲಿ ಎಲ್ಲರೂ ಸೇರಿ ಮಾರಿದರೂ ಹೊರಬರುವುದು ನಲವತ್ತು ಸಾವಿರ ಡಾಲರ್‌ನೊಳಗೆ.

ಈಗ ನನಗೆ ಸಂಭಾವನೆಯಾಗಿ ಕೊಡುತ್ತೇವೆಂದ ಎರಡು ಲಕ್ಷ ಕಾಯಿನ್‌ಗಳನ್ನು ಇದೇ ಲೆಕ್ಕಕ್ಕೆ ಹಾಕಿದೆ. ಕಾಗದದ ಮೇಲೆ ಅದಕ್ಕೆ ಇಪ್ಪತ್ತು ಸಾವಿರ ಡಾಲರ್. ಪೂಲ್‌ಗೆ ಅದನ್ನು ಮಾರಿದರೆ ಅಲ್ಲಿನ ಕಾಯಿನ್ ಆರು ಲಕ್ಷವಾಗುತ್ತದೆ. ಗುಣಲಬ್ಧ ಹಾಗೆಯೇ ಉಳಿಯಬೇಕಾದ್ದರಿಂದ ಯುಎಸ್‌ಡಿಟಿ ಸುಮಾರು 26,667ಕ್ಕೆ ಇಳಿಯುತ್ತದೆ. ನನ್ನ ಕೈಗೆ ಬರುವುದು ಸುಮಾರು 13,333. ಕಾಯಿನ್‌ನ ಬೆಲೆ ಹತ್ತು ಸೆಂಟ್‌ನಿಂದ ನಾಲ್ಕೂವರೆ ಸೆಂಟ್‌ಗೂ ಕೆಳಕ್ಕೆ ಬೀಳುತ್ತದೆ. ನಾನೊಬ್ಬಳು ನನ್ನ ಕೂಲಿಯನ್ನು ನಗದು ಮಾಡಿಕೊಂಡರೆ, ನನ್ನನ್ನು ನಂಬಿ ಕೊಂಡವರ ಕಾಯಿನ್‌ನ ಬೆಲೆ ಅರ್ಧಕ್ಕೂ ಹೆಚ್ಚು ಕರಗುತ್ತದೆ, ಮತ್ತು ನನಗೆ ಬಂದ ಹಣದಲ್ಲಿ ಅವರು ಪೂಲ್‌ಗೆ ಹಾಕಿದ್ದೂ ಇರುತ್ತದೆ. ತಮ್ಮನಿಗೆ ಈ ಗುಣಾಕಾರವನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಕಾಯಿನ್‌ನಲ್ಲೇ ಏಕೆ ಕೊಡುತ್ತಾರೆ ಎಂಬ ಹಿಂದಿನ ದಿನದ ಪ್ರಶ್ನೆಗೆ ಉತ್ತರ ಅದೇ ಹಾಳೆಯಲ್ಲಿತ್ತು: ಅವರು ತಮ್ಮ ಜೇಬಿನಿಂದ ಏನನ್ನೂ ಕೊಡುತ್ತಿರಲಿಲ್ಲ.

ಪೂಲ್‌ನ ಯುಎಸ್‌ಡಿಟಿಯನ್ನು ವಾಪಸು ತೆಗೆದುಕೊಳ್ಳುವ ಹಕ್ಕು ಯಾರ ಬಳಿ ಇದೆ ಎಂಬುದು ಇನ್ನೊಂದು ಪ್ರಶ್ನೆ. ಪೂಲ್ ಕಟ್ಟಲು ಹಣ ಹಾಕಿದವರಿಗೆ ಬದಲಿಗೆ ಸಿಗುವ ಎಲ್‌ಪಿ ಟೋಕನ್ ಆ ಹಕ್ಕಿನ ಪತ್ರ. ಅದನ್ನು ಯಾರೂ ಬಳಸಲಾಗದಂತೆ ‘ಸುಟ್ಟುಹಾಕಿದ್ದರೆ’ ಅಥವಾ ದೀರ್ಘಕಾಲ ಮುಟ್ಟಲಾಗದಂತೆ ಲಾಕ್ ಮಾಡಿದ್ದರೆ ಒಂದಿಷ್ಟು ನೆಮ್ಮದಿ. ಸಭೆಯಲ್ಲಿ ಮೂರು ವರ್ಷದ ಲಾಕ್ ಎಂದಿದ್ದರಂತೆ. ಲಾಕ್ ಪುಟ ತೆರೆದು ದಿನಾಂಕ ನೋಡಿದರೆ ಮೂವತ್ತು ದಿನ.

ಕಾಂಟ್ರ್ಯಾಕ್ಟ್ ಭಾಗದಲ್ಲಿ ಹಸಿರು ಗುರುತಿತ್ತು. ಇದರ ಬಗ್ಗೆ ಬಹಳ ಜನರಿಗೆ ತಪ್ಪು ತಿಳಿವಳಿಕೆಯಿದೆ. ಆ ಗುರುತಿನ ಅರ್ಥ, ಪ್ರಕಟಿಸಿದ ಕೋಡ್ ಮತ್ತು ಚೈನ್‌ನಲ್ಲಿ ಓಡುತ್ತಿರುವ ಕೋಡ್ ಒಂದೇ ಎಂದಷ್ಟೇ. ಕೋಡ್ ಪ್ರಾಮಾಣಿಕವಾಗಿದೆ ಎಂದಲ್ಲ. ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಆದರೆ ಹುಡುಕಬೇಕಾದ ಪದಗಳು ಕೆಲವೇ ಕೆಲವು. ‘ಮಿಂಟ್’ ಎಂದಿದ್ದರೆ ಹೊಸ ಕಾಯಿನ್‌ಗಳನ್ನು ಸೃಷ್ಟಿಸುವ ಅಧಿಕಾರ ಉಳಿದಿದೆಯೇ ನೋಡಬೇಕು, ‘ಬ್ಲ್ಯಾಕ್‌ಲಿಸ್ಟ್’ ಎಂದಿದ್ದರೆ ಯಾವುದೇ ವಾಲೆಟ್ ಮಾರದಂತೆ ತಡೆಯುವ ಅಧಿಕಾರ, ‘ಫೀ’ ಎಂದಿದ್ದರೆ ಮಾರಾಟದ ಮೇಲಿನ ಕಡಿತವನ್ನು ಬದಲಿಸುವ ಅಧಿಕಾರ. ಈ ಕಾಯಿನ್‌ನಲ್ಲಿ ಮೊದಲೆರಡು ಇರಲಿಲ್ಲ. ಮೂರನೆಯದಿತ್ತು. ಮಾರಾಟದ ಕಡಿತವನ್ನು ಓನರ್ ಎಂಬ ವಾಲೆಟ್ ಯಾವಾಗ ಬೇಕಾದರೂ ಬದಲಿಸಬಹುದಿತ್ತು, ಮತ್ತು ಇಷ್ಟಕ್ಕಿಂತ ಹೆಚ್ಚು ಹಾಕಕೂಡದು ಎಂಬ ಮಿತಿಯ ಸಾಲು ಎಲ್ಲಿಯೂ ಇರಲಿಲ್ಲ. ಪರಿಚಯದ ಸಾಫ್ಟ್‌ವೇರ್ ಹುಡುಗನೊಬ್ಬನಿಗೆ ಕಳಿಸಿ ಖಚಿತ ಮಾಡಿಕೊಂಡೆ. ಓನರ್ ಯಾರೆಂದು ‘ರೀಡ್ ಕಾಂಟ್ರ್ಯಾಕ್ಟ್’ನಲ್ಲಿ ನೋಡಿದರೆ ಶೇಕಡ 61 ಇಟ್ಟುಕೊಂಡಿದ್ದ ಅದೇ ವಾಲೆಟ್.

ಹನಿಪಾಟ್ ಡಾಟ್ ಈಸ್ ಎಂಬ ತಾಣದ ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವಿಳಾಸ ಹಾಕಿದರೆ ಅದು ಆ ಕ್ಷಣದಲ್ಲಿ ಒಂದು ಖರೀದಿ, ಒಂದು ಮಾರಾಟವನ್ನು ಅಣಕು ಮಾಡಿ, ಮಾರಾಟ ಸಾಧ್ಯವೇ, ಎಷ್ಟು ಕಡಿತವಾಗುತ್ತದೆ ಎಂದು ಹೇಳುತ್ತದೆ. ಪ್ರಸಿದ್ಧ ಕೊರಿಯನ್ ಸರಣಿಯ ಹೆಸರು ಕದ್ದು ಹುಟ್ಟಿದ ಸ್ಕ್ವಿಡ್ ಕಾಯಿನ್‌ನ ಬೆಲೆ 2021ರ ನವೆಂಬರ್‌ನಲ್ಲಿ 2,861 ಡಾಲರ್‌ವರೆಗೆ ಏರಿ ನಿಮಿಷಗಳಲ್ಲಿ ಸೊನ್ನೆಗೆ ಬಿತ್ತು. ಕೊಂಡವರು ಅದನ್ನು ಮಾರಲಾಗದೆ ಸಿಕ್ಕಿಬಿದ್ದಿದ್ದರು. ಆರಂಭದಿಂದಲೇ ಬಾಗಿಲು ಮುಚ್ಚಿರುವ ಅಂಥ ಕಾಯಿನ್‌ಗಳನ್ನು ಹಿಡಿಯಲು ಈ ತಾಣ ನಿಜಕ್ಕೂ ಉತ್ತಮ. ನನ್ನ ಹದಿನಾಲ್ಕರಲ್ಲಿ ಎರಡನ್ನು ಅದು ಅರ್ಧ ನಿಮಿಷದಲ್ಲಿ ಹಿಡಿಯಿತು. ಆದರೆ ತಮ್ಮನ ಕಾಯಿನ್‌ಗೆ ಅದು ಕೊಟ್ಟ ಫಲಿತಾಂಶ: ಖರೀದಿ ಕಡಿತ ಶೇಕಡ 3, ಮಾರಾಟ ಕಡಿತ ಶೇಕಡ 5, ತೊಂದರೆ ಕಂಡುಬಂದಿಲ್ಲ. ತಮ್ಮನ ಮುಖ ಅರಳಿತು. ಅದು ಈ ಕ್ಷಣದ ಮಾತು, ನಾಳೆಯದಲ್ಲ ಎಂದು ಎಷ್ಟು ಹೇಳಿದರೂ ಆ ಹಸಿರು ಬಣ್ಣದ ಮುಂದೆ ನನ್ನ ಮಾತು ನಿಲ್ಲಲಿಲ್ಲ. ತಾಣವೂ ತನ್ನ ಫಲಿತಾಂಶ ಮುಂದಕ್ಕೆ ಬದಲಾಗಬಹುದೆಂದು ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಓದುವವರು ಕಡಿಮೆ.

ಇಪ್ಪತ್ತಮೂರು ದಿನಗಳ ನಂತರ ಅದೇ ವಿಳಾಸವನ್ನು ಅದೇ ತಾಣದಲ್ಲಿ ಹಾಕಿದಾಗ ಮಾರಾಟ ಕಡಿತ ಶೇಕಡ 99 ಎಂದು ಬಂತು. ನೂರು ರೂಪಾಯಿಯ ಕಾಯಿನ್ ಮಾರಿದರೆ ಒಂದು ರೂಪಾಯಿ. ಮೂವತ್ತು ದಿನದ ಲಾಕ್ ಮುಗಿದ ಮರುದಿನ ಪೂಲ್ ಬರಿದಾಯಿತು. ತಾಣ ಎರಡೂ ದಿನ ಸತ್ಯವನ್ನೇ ಹೇಳಿತ್ತು.

ಟೋಕನ್ ಸ್ನಿಫರ್ ಎಂಬ ತಾಣ ಕಾಯಿನ್‌ಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ, ಹಳೆಯ ಮೋಸಗಳ ಕೋಡ್‌ನೊಡನೆ ಹೊಸದನ್ನು ಹೋಲಿಸಿ ನೋಡುತ್ತದೆ. ಈ ಹೋಲಿಕೆ ಉಪಯುಕ್ತ. ಅಂಕವನ್ನು ಮಾತ್ರ ನಾನು ನೋಡುವುದನ್ನೇ ಬಿಟ್ಟಿದ್ದೇನೆ. ಅದಕ್ಕೆ ಕಾರಣ ಇನ್ನೊಂದು ಪ್ರಸ್ತಾವ. ಕೊಪ್ಪದ ಕಡೆಯ ಮೂವರು ಯುವಕರು ತಮ್ಮ ಕಾಫಿಯ ಮೂಲವನ್ನು ಗ್ರಾಹಕರಿಗೆ ತೋರಿಸುವ ಯೋಜನೆಯೊಂದಕ್ಕೆ ಟೋಕನ್, ಅಂದರೆ ತಮ್ಮದೇ ಒಂದು ಕಾಯಿನ್ ಹೊರಡಿಸಿದ್ದರು. ಸ್ವಂತ ಹೆಸರು, ಸ್ವಂತ ಮುಖ, ತೋಟದ ವಿಳಾಸ ಎಲ್ಲವನ್ನೂ ಮುಂದಿಟ್ಟಿದ್ದರು. ಓನರ್ ಅಧಿಕಾರ ಮೂವರಲ್ಲಿ ಇಬ್ಬರು ಸಹಿ ಹಾಕಿದರೆ ಮಾತ್ರ ನಡೆಯುವಂತೆ ಮಾಡಿದ್ದರು, ಕಡಿತವೇ ಇರಲಿಲ್ಲ, ಲಾಭದ ಮಾತೂ ಇರಲಿಲ್ಲ. ಅವರ ಟೋಕನ್‌ಗೆ ಸಿಕ್ಕ ಅಂಕ ಕಡಿಮೆ, ಏಕೆಂದರೆ ಅದನ್ನು ಇಟ್ಟುಕೊಂಡವರು ಕೆಲವೇ ಮಂದಿ, ಪೂಲ್ ಚಿಕ್ಕದು, ಲಾಕ್ ಇರಲಿಲ್ಲ. ತಮ್ಮ ತಂದ ಕಾಯಿನ್‌ಗೆ ಅದಕ್ಕಿಂತ ಹೆಚ್ಚು ಅಂಕ ಸಿಕ್ಕಿತ್ತು. ಕಾಫಿಯ ಹುಡುಗರ ಟೋಕನ್‌ನ ಪ್ರಚಾರವನ್ನೂ ನಾನು ಮಾಡಲಿಲ್ಲ. ಅವರು ಮೋಸಗಾರರಲ್ಲ, ಆದರೆ ಕಾಫಿ ಮಾರಲು ಆ ಟೋಕನ್ ಏಕೆ ಬೇಕೆಂಬ ಪ್ರಶ್ನೆಗೆ ಅವರಿಗೂ ನನಗೂ ಒಪ್ಪಿಗೆಯಾಗುವ ಉತ್ತರ ಸಿಗಲಿಲ್ಲ. ಅವರ ಕಾಫಿಪುಡಿಯ ಬಗ್ಗೆ ಮಾತ್ರ ಸಂತೋಷದಿಂದ ಹೇಳಿದೆ.

ಇನ್ನು ಆಡಿಟ್ ವರದಿಗಳು, ಅಂದರೆ ಕಾಂಟ್ರ್ಯಾಕ್ಟ್‌ನ ಕೋಡ್ ಅನ್ನು ಹೊರಗಿನ ಸಂಸ್ಥೆಯೊಂದು ಪರೀಕ್ಷಿಸಿ ಬರೆದ ವರದಿಗಳ ಬಗ್ಗೆ. ಯೋಜನೆಯವರು ಕಳಿಸುವ ಪಿಡಿಎಫ್ ಅನ್ನು ನಂಬಬಾರದು, ಆಡಿಟ್ ಮಾಡಿದ ಸಂಸ್ಥೆಯ ಸ್ವಂತ ತಾಣದಲ್ಲೇ ಅದನ್ನು ಹುಡುಕಬೇಕು, ವರದಿಯಲ್ಲಿರುವ ಕಾಂಟ್ರ್ಯಾಕ್ಟ್ ವಿಳಾಸ ಮಾರಾಟದಲ್ಲಿರುವ ಕಾಯಿನ್‌ನದೇ ಎಂದು ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಅದಾದ ಮೇಲೆ ಓದಬೇಕಾದದ್ದು ಮುಖಪುಟದ ಮುದ್ರೆಯನ್ನಲ್ಲ, ಒಳಗಿನ ‘ಸೆಂಟ್ರಲೈಸೇಶನ್’ ಎಂಬ ಶೀರ್ಷಿಕೆಯ ಕೆಳಗಿರುವುದನ್ನು. ಓನರ್‌ಗೆ ಅತಿಯಾದ ಅಧಿಕಾರವಿದೆ ಎಂದು ಆಡಿಟರ್ ಬರೆದಿರುತ್ತಾರೆ; ಅದರ ಪಕ್ಕದಲ್ಲಿ ಸರಿಪಡಿಸಲಾಗಿದೆ ಎಂದಿದೆಯೋ, ಬರೀ ‘ಅಕ್ನಾಲೆಜ್ಡ್’ ಎಂದಿದೆಯೋ ನೋಡಬೇಕು. ಎರಡನೆಯದರ ಅರ್ಥ, ಯೋಜನೆಯವರು ಆ ದೋಷವನ್ನು ಓದಿದ್ದಾರೆ ಮತ್ತು ಹಾಗೆಯೇ ಬಿಟ್ಟಿದ್ದಾರೆ. ನನಗೆ ಬಂದ ಮೂರು ವರದಿಗಳಲ್ಲಿ ಎರಡರಲ್ಲಿ ಹೀಗೆಯೇ ಇತ್ತು. ಆಡಿಟ್ ಮಾಡಿದವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದರು. ವರದಿಯನ್ನು ಬಾವುಟದಂತೆ ಬೀಸಿದವರು ಒಳಗಿನ ಪುಟವನ್ನು ಜನ ತೆರೆಯುವುದಿಲ್ಲ ಎಂದು ನಂಬಿದ್ದರು.

ಪೂಲ್‌ಗಳ ಬೆಲೆ, ಗಾತ್ರ ತೋರಿಸುವ ಡೆಕ್ಸ್‌ಸ್ಕ್ರೀನರ್ ತಾಣದಲ್ಲಿ ಕಾಣಿಸಿಕೊಳ್ಳುವುದು ಅರ್ಹತೆಯಲ್ಲ, ಪೂಲ್ ಇದ್ದರೆ ಸಾಕು, ತಾನಾಗಿಯೇ ಬರುತ್ತದೆ; ಲೋಗೊ ಮತ್ತು ಕೊಂಡಿಗಳನ್ನು ಹಣ ಕೊಟ್ಟು ಹಾಕಿಸಬಹುದು. ಪೂಲ್‌ನ ಗಾತ್ರವನ್ನು ಒಂದೇ ನೋಟಕ್ಕೆ ತಿಳಿಯಲು ಅನುಕೂಲ, ಅಷ್ಟೇ. ಕಾಯಿನ್‌ಗಳ ಬೆಲೆಪಟ್ಟಿ ಕೊಡುವ ಕಾಯಿನ್‌ಗೆಕೊ ತಾಣದಲ್ಲಿ ಒಂದಿಷ್ಟು ಪರಿಶೀಲನೆಯಿದೆ. ಆದರೂ ಪಟ್ಟಿಯಲ್ಲಿ ಸೇರುವುದು ಶಿಫಾರಸಲ್ಲ. ಜಾಲತಾಣದ ಹೆಸರು ಯಾವಾಗ ನೋಂದಣಿಯಾಯಿತು ಎಂದು ಇಂಥ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಹುಡುಕಾಟ ಪುಟದಲ್ಲಿ ನೋಡಲು ಎರಡು ನಿಮಿಷ ಸಾಕು. ‘ಐದು ವರ್ಷದ ಅನುಭವ’ ಹೇಳಿಕೊಂಡ ಒಂದು ಯೋಜನೆಯ ತಾಣಕ್ಕೆ ಏಳು ವಾರ ವಯಸ್ಸಾಗಿತ್ತು.

ಇನ್ನು ಕಾನೂನು. ನನ್ನ ವೃತ್ತಿಯ ದೃಷ್ಟಿಯಿಂದ ಇದು ತಾಂತ್ರಿಕ ತಪಾಸಣೆಯಷ್ಟೇ ಮುಖ್ಯ, ಮತ್ತು ಯಾವ ತಾಣವೂ ಇದನ್ನು ಹೇಳುವುದಿಲ್ಲ. ಕಂಪನಿ ನೋಂದಣಿ ಪತ್ರ, ಜಿಎಸ್‌ಟಿ ಸಂಖ್ಯೆ ತೋರಿಸಿದರೆ ಜನರಿಂದ ಹಣ ಸಂಗ್ರಹಿಸಲು ಅನುಮತಿ ಇದೆ ಎಂದಾಗುವುದಿಲ್ಲ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕೇಂದ್ರ ಕಾಯ್ದೆ, ಯೋಜನೆ ನಡೆಸುವವರನ್ನಷ್ಟೇ ಅಲ್ಲ, ತಿಳಿದೂ ಸುಳ್ಳು ಹೇಳಿ ಅಥವಾ ಮುಖ್ಯ ವಿಷಯ ಮುಚ್ಚಿಟ್ಟು ಇತರರನ್ನು ಅದಕ್ಕೆ ಸೇರುವಂತೆ ಪ್ರೇರೇಪಿಸುವವರನ್ನೂ ಹಿಡಿಯುತ್ತದೆ. ಸರಪಳಿಯಂತೆ ಸದಸ್ಯರನ್ನು ಸೇರಿಸುವ ಯೋಜನೆಗಳಿಗೆ 1978ರ ಹಣ ಚಲಾವಣೆ ನಿಷೇಧ ಕಾಯ್ದೆಯೂ ಇದೆ. ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಗಳಂತೆ, ಕ್ರಿಪ್ಟೊ ಜಾಹೀರಾತಿನಲ್ಲಿ ಇದು ನಿಯಂತ್ರಣಕ್ಕೆ ಒಳಪಟ್ಟಿಲ್ಲ, ಅತಿ ಅಪಾಯಕಾರಿ, ನಷ್ಟವಾದರೆ ನಿಯಂತ್ರಕರ ಬಳಿ ಪರಿಹಾರ ಸಿಗದಿರಬಹುದು ಎಂಬ ಸೂಚನೆ ಎದ್ದು ಕಾಣುವಂತೆ ಇರಬೇಕು; ಅದರಲ್ಲಿ ಕಾಣಿಸಿಕೊಳ್ಳುವ ಪ್ರಸಿದ್ಧರು ಹೇಳಿಕೆಗಳನ್ನು ತಾವೇ ಪರಿಶೀಲಿಸಿಕೊಂಡಿರಬೇಕು. ಅಮೆರಿಕದಲ್ಲಿ ಕಿಮ್ ಕಾರ್ಡಾಶಿಯನ್ ಒಂದು ಕಾಯಿನ್ ಬಗ್ಗೆ ಬರೆಯಲು 2,50,000 ಡಾಲರ್ ಪಡೆದದ್ದನ್ನು ಮುಚ್ಚಿಟ್ಟ ಕಾರಣಕ್ಕೆ 2022ರ ಅಕ್ಟೋಬರ್‌ನಲ್ಲಿ 12.6 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಬಿಟ್‌ಕನೆಕ್ಟ್‌ನ ಅಮೆರಿಕದ ಮುಖ್ಯ ಪ್ರಚಾರಕ ಗ್ಲೆನ್ ಆರ್ಕಾರೊಗೆ ಅದೇ ವರ್ಷ 38 ತಿಂಗಳ ಸೆರೆವಾಸವಾಯಿತು.

ತೆರಿಗೆಯ ಲೆಕ್ಕ ಇನ್ನೂ ಕಠಿಣ. ಕ್ರಿಪ್ಟೊ ಮಾರಿದ ಲಾಭದ ಮೇಲೆ ಶೇಕಡ 30 ತೆರಿಗೆ ಮತ್ತು ಸೆಸ್, 2022ರ ಜುಲೈಯಿಂದ ವರ್ಗಾವಣೆಗೆ ಶೇಕಡ 1 ಟಿಡಿಎಸ್. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬರುವುದಿಲ್ಲ. ಪ್ರಚಾರಕ್ಕೆಂದು ಕಾಯಿನ್ ಪಡೆದವರಿಗೆ ಅದು ವೃತ್ತಿಯ ಆದಾಯ, ಪಡೆದ ದಿನದ ಬೆಲೆಯ ಮೇಲೆ ತೆರಿಗೆ. ಆ ಎರಡು ಲಕ್ಷ ಕಾಯಿನ್‌ಗಳನ್ನು ನಾನು ಪಡೆದಿದ್ದರೆ, ತಿಂಗಳೊಳಗೆ ಮಾರಲಾಗದಂತಾದ ವಸ್ತುವಿಗೆ ಕಾಗದದ ಮೇಲಿನ ಇಪ್ಪತ್ತು ಸಾವಿರ ಡಾಲರ್‌ನ ಆದಾಯ ತೋರಿಸುವ ಪ್ರಶ್ನೆ ನನ್ನೆದುರು ನಿಲ್ಲುತ್ತಿತ್ತು. ಪ್ರಚಾರದ ಪ್ರಸ್ತಾವ ಬಂದ ಯುವಕರು ಈ ಮಾತನ್ನು ತಮ್ಮ ಆಡಿಟರ್ ಬಳಿ ಒಮ್ಮೆ ಕೇಳಿ ನೋಡಬೇಕು.

ಹೀಗಾಗಿ ನನ್ನ ಶಿಫಾರಸು ಇಷ್ಟು. ಸಮಯ ಒಂದೇ ಗಂಟೆ ಇದ್ದರೆ ಅದನ್ನು ಪೂರ್ತಿಯಾಗಿ ಬಿಎಸ್‌ಸಿಸ್ಕ್ಯಾನ್ ಅಥವಾ ಈಥರ್‌ಸ್ಕ್ಯಾನ್‌ಗೆ ಕೊಡಿ, ಅದರಲ್ಲೂ ಓನರ್‌ನ ಅಧಿಕಾರ ಮತ್ತು ಪೂಲ್‌ನ ಹಣಕ್ಕೆ. ಹನಿಪಾಟ್ ತಾಣ ‘ಅಪಾಯ’ ಎಂದರೆ ನಂಬಿ, ‘ಸರಿಯಿದೆ’ ಎಂದರೆ ನಂಬಬೇಡಿ. ಅಂಕಗಳನ್ನು ಬದಿಗಿಡಿ. ಈ ತಾಣಗಳನ್ನು ಬೇಡವೆನ್ನಲು ಬಳಸಬಹುದೇ ಹೊರತು, ಹೌದೆನ್ನಲು ಅವುಗಳಲ್ಲಿ ಯಾವುದೂ ಸಾಲದು. ಹದಿನಾಲ್ಕರಲ್ಲಿ ಒಂದನ್ನೂ ನಾನು ಪ್ರಚಾರ ಮಾಡಿಲ್ಲ.

ಆದರೆ ಪ್ರಚಾರ ಮಾಡದೆ ಸುಮ್ಮನಿದ್ದದ್ದು ಸರಿಯಾಗಲಿಲ್ಲ ಎಂದು ಈಗ ಅನ್ನಿಸುತ್ತದೆ. ಆ ಮಳೆಗಾಲದಲ್ಲಿ ನನ್ನ ಕೈಯಲ್ಲಿ ಮೂವತ್ತು ದಿನದ ಲಾಕ್‌ನ ದಿನಾಂಕವಿತ್ತು, ಮಿತಿಯಿಲ್ಲದ ಕಡಿತದ ಸಾಲು ಇತ್ತು, ಇವುಗಳನ್ನು ಹೇಳಲು ಒಂದು ವೇದಿಕೆಯೂ ಇತ್ತು. ತಮ್ಮನ ಮರ್ಯಾದೆಗೆ ಕುಂದು ಬಂದೀತೆಂದು ಹೇಳಲಿಲ್ಲ. ಅವನು ಅಷ್ಟರಲ್ಲಿ ಹನ್ನೊಂದು ಜನರನ್ನು ಸೇರಿಸಿದ್ದ. ಅವರಲ್ಲಿ ಇಬ್ಬರು ನನ್ನ ವಿಡಿಯೊ ನೋಡುವವರು. ಈಗ ಪ್ರತಿ ತಪಾಸಣೆಯಲ್ಲೂ ಕಂಡದ್ದನ್ನು, ಯಾರನ್ನೂ ಮೋಸಗಾರರೆಂದು ಕರೆಯದೆ, ಪರದೆಯ ಮೇಲೆ ಕಾಣುವಷ್ಟನ್ನೇ ವಿಡಿಯೊದಲ್ಲಿ ತೋರಿಸುತ್ತಿದ್ದೇನೆ.

ತಮ್ಮ ದೂರು ಕೊಡಲು ಬಹಳ ದಿನ ಒಪ್ಪಲಿಲ್ಲ. ದೂರು ಕೊಟ್ಟರೆ ಸೇರಿಸಿದವನು ನಾನೇ ಎಂದಾಗುತ್ತದೆ ಎಂಬುದು ಅವನ ಭಯ, ಅದು ಆಧಾರವಿಲ್ಲದ ಭಯವೂ ಅಲ್ಲ. ಕಳೆದ ತಿಂಗಳು ವಕೀಲರೊಬ್ಬರನ್ನು ಕಂಡು ಬಂದ ಮೇಲೆ ಅವನಾಗಿಯೇ ಕಚೇರಿಗೆ ಬಂದು ಹನ್ನೊಂದು ಹೆಸರುಗಳನ್ನೂ, ಯಾರು ಎಷ್ಟು ಕೊಟ್ಟರೆಂಬುದನ್ನೂ ಬರೆದುಕೊಟ್ಟ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ಬಿಎಸ್‌ಸಿಸ್ಕ್ಯಾನ್‌ನಿಂದ ಪೂಲ್ ಖಾಲಿ ಮಾಡಿದ ವ್ಯವಹಾರದ ಪುಟವನ್ನು, ಕಡಿತ ಬದಲಿಸಿದ ಪುಟವನ್ನು, ಅವನ ಬ್ಯಾಂಕಿನ ಸ್ಟೇಟ್‌ಮೆಂಟನ್ನು ಮುದ್ರಿಸಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡುವ ನಗರದ ಸಿಇಎನ್ ಠಾಣೆಗೆ ಕೊಂಡೊಯ್ದೆವು. ಅವನ ವಾಲೆಟ್‌ನಲ್ಲಿ ಆ ಕಾಯಿನ್‌ಗಳು ಈಗಲೂ ಇವೆ.